ತೆಳುಪೊರೆಯ ಬ್ಲಾಕ್ ಕೋಪಾಲಿಮರ್‌ಗಳನ್ನು ಶಾಖದಿಂದ ಒಂದೇ ದಿಕ್ಕಿಗೆ ಸಾಲುಗೂಡಿಸುವುದು ಹೇಗೆ?

ಯಶವಂತಪುರದ ಸಂಶೋಧಕಿ

ಎಲ್ಲರಿಗೂ ನಮಸ್ಕಾರ. ಪಾಲಿಸ್ಟೈರೀನ್ ಮತ್ತು ಪಾಲಿಮೀಥೈಲ್ ಮೆಥಾಕ್ರಿಲೇಟ್ ಎಂಬ ಎರಡು ಬಗೆಯ ಉದ್ದನೆಯ ಅಣುಸರಪಳಿಗಳನ್ನು ತುದಿಗೆ ತುದಿ ಬೆಸೆದ ಬ್ಲಾಕ್ ಕೋಪಾಲಿಮರ್‌ನ ತೆಳುಪೊರೆಗಳ ಮೇಲೆ ನಾನು ಕೆಲಸ ಮಾಡುತ್ತಿದ್ದೇನೆ. ಎರಡನೆಯದನ್ನು ಇಲ್ಲಿ ಪಿಎಂಎಂಎ ಎಂದು ಕರೆಯುತ್ತೇನೆ. ಎಣ್ಣೆ ಮತ್ತು ನೀರಿನಂತೆ ಬೇರೆಯಾಗಲು ಬಯಸುವ ಈ ಎರಡು ತುಂಡುಗಳು ರಾಸಾಯನಿಕ ಬಂಧದಿಂದ ಕಟ್ಟಿಕೊಂಡಿರುವುದರಿಂದ ದೂರ ಹೋಗಲಾರದೆ, ಕೆಲವೇ ಹತ್ತು ನ್ಯಾನೊಮೀಟರ್ ಅಂತರದಲ್ಲಿ ತಮ್ಮತಮ್ಮ ವಲಯಗಳನ್ನು ಮಾಡಿಕೊಳ್ಳುತ್ತವೆ. ನನ್ನ ಮಾದರಿಯಲ್ಲಿ ಪಿಎಂಎಂಎ ಸುಮಾರು ಮೂರನೇ ಒಂದು ಭಾಗ ಇದ್ದು, ಪಾಲಿಸ್ಟೈರೀನಿನ ನಡುವೆ ಸಿಲಿಂಡರುಗಳಾಗಿ ಮಲಗುತ್ತದೆ. ಒಂದು ಸಿಲಿಂಡರಿನಿಂದ ಮುಂದಿನದಕ್ಕೆ ಸುಮಾರು 35 ನ್ಯಾನೊಮೀಟರ್ ಅಂತರ.

ಟಾಲುಯೀನ್ ದ್ರಾವಣದಿಂದ ಸಿಲಿಕಾನ್ ವೇಫರಿನ ಮೇಲೆ ಸ್ಪಿನ್ ಕೋಟಿಂಗ್ ಮಾಡಿ, ಅಂದರೆ ವೇಗವಾಗಿ ತಿರುಗಿಸಿ ತೆಳುವಾಗಿ ಹರಡಿ, ನಿರ್ವಾತ ಓವನ್ನಿನಲ್ಲಿ 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅನೀಲಿಂಗ್ ಮಾಡಿದಾಗ, ಅಂದರೆ ಬಿಸಿಯಲ್ಲಿಟ್ಟು ಹದಗೊಳಿಸಿದಾಗ, ಸಿಲಿಂಡರುಗಳು ಸ್ಪಷ್ಟವಾಗಿಯೇ ಮೂಡುತ್ತವೆ. ಆದರೆ ಪರಮಾಣು ಬಲ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅವು ಬೆರಳಚ್ಚಿನ ಗೆರೆಗಳ ಹಾಗೆ ಸುರುಳಿ ಸುತ್ತಿರುತ್ತವೆ, ಗ್ರೇನ್, ಅಂದರೆ ಸಾಲುಗಳು ಒಂದೇ ದಿಕ್ಕಿಗಿರುವ ತುಂಡು, ಒಂದು ಮೈಕ್ರೋಮೀಟರಿನ ಆಸುಪಾಸಿಗೆ ಮುಗಿದುಹೋಗುತ್ತದೆ. ನನಗೆ ಬೇಕಿರುವುದು ಒಂದು ಸೆಂಟಿಮೀಟರ್ ಉದ್ದಕ್ಕೂ ಒಂದೇ ದಿಕ್ಕು. ಓವನ್ನಿನ ಉಷ್ಣತೆ ಏರಿಸಿದರೆ ಅಥವಾ ಸಮಯ ಹೆಚ್ಚಿಸಿದರೆ ಇದು ಸಾಧ್ಯವೇ? ಅಥವಾ ಬಿಸಿ ಪಟ್ಟಿಯೊಂದನ್ನು ಪೊರೆಯ ಕೆಳಗೆ ನಿಧಾನವಾಗಿ ಸರಿಸುವ ಝೋನ್ ಅನೀಲಿಂಗ್ ವಿಧಾನಕ್ಕೇ ಹೋಗಬೇಕೇ? ಬೆಂಗಳೂರಿನಲ್ಲೇ ಸಿಗುವ ಸಾಮಾನುಗಳಿಂದ ಅಂಥದೊಂದು ಸಾಧನವನ್ನು ಕಟ್ಟಿಕೊಳ್ಳಬಹುದೇ ಎಂಬುದನ್ನೂ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಮಲ್ಲೇಶ್ವರದ ಮೇಷ್ಟ್ರು

ಪಾಲಿಮರ್ ಭೌತಶಾಸ್ತ್ರವನ್ನು ಬಹುಕಾಲ ಪಾಠ ಮಾಡಿದವನಾದ್ದರಿಂದ ನಿಮ್ಮ ಮೊದಲ ಪ್ರಶ್ನೆಗೆ ಲೆಕ್ಕದ ಮೂಲಕವೇ ಉತ್ತರಿಸಬಯಸುತ್ತೇನೆ. ಓವನ್ನಿನಲ್ಲಿ ಕಾಯುತ್ತ ಕುಳಿತರೆ ಆಗುವ ಕೆಲಸ ಇದಲ್ಲ. 2000ದಲ್ಲಿ ಪ್ರಿನ್ಸ್‌ಟನ್ನಿನ ಹ್ಯಾರಿಸನ್, ಚೈಕಿನ್, ರೆಜಿಸ್ಟರ್ ಮತ್ತಿತರರು ಮಲಗಿದ ಸಿಲಿಂಡರುಗಳ ಒಂದೇ ಪದರವಿರುವ ಪೊರೆಯನ್ನು ಬಿಸಿ ಮಾಡುತ್ತ, ಅದೇ ಜಾಗದ ಚಿತ್ರಗಳನ್ನು ಮತ್ತೆ ಮತ್ತೆ ತೆಗೆದು, ದೋಷಗಳು ಹೇಗೆ ಅಳಿಯುತ್ತವೆ ಎಂಬುದನ್ನು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿ ಕಂಡುಬಂದ ನಿಯಮವೆಂದರೆ ಗ್ರೇನ್‌ನ ಗಾತ್ರ ಸಮಯದ ನಾಲ್ಕನೇ ಮೂಲದಂತೆ ಬೆಳೆಯುತ್ತದೆ. ಗಾತ್ರ ಎರಡರಷ್ಟಾಗಬೇಕಾದರೆ ಸಮಯ ಹದಿನಾರು ಪಟ್ಟು ಬೇಕು; ಹತ್ತರಷ್ಟಾಗಬೇಕಾದರೆ ಹತ್ತು ಸಾವಿರ ಪಟ್ಟು. ಒಂದು ಗಂಟೆಯಲ್ಲಿ ಒಂದು ಮೈಕ್ರೋಮೀಟರ್ ಸಿಕ್ಕಿದ್ದರೆ ಹತ್ತು ಮೈಕ್ರೋಮೀಟರಿಗೆ ವರ್ಷಕ್ಕೂ ಮೀರಿದ ಕಾಲ ಓವನ್ ಉರಿಯುತ್ತಿರಬೇಕು. ಒಂದು ಸೆಂಟಿಮೀಟರಿನ ಮಾತನ್ನು ಎತ್ತುವುದೇ ಬೇಡ.

ಉಷ್ಣತೆ ಏರಿಸುವುದರಿಂದ ಸಿಗುವ ಲಾಭವೂ ಇದೇ ನಾಲ್ಕನೇ ಮೂಲದ ಜರಡಿಯಲ್ಲಿ ಸೋಸಿಹೋಗುತ್ತದೆ. ಗಾಜಿನಂತೆ ಗಟ್ಟಿಯಾಗಿರುವ ಪಾಲಿಸ್ಟೈರೀನ್ ಮೆತ್ತಗಾಗತೊಡಗುವ, ಅಂದರೆ ಗಾಜು ಸ್ಥಿತ್ಯಂತರದ, ಉಷ್ಣತೆ ಸುಮಾರು 100 ಡಿಗ್ರಿ. ಉಷ್ಣತೆಯೊಂದಿಗೆ ಸರಪಳಿಗಳ ಚಲನೆ ಹೇಗೆ ಬದಲಾಗುತ್ತದೆಂದು ಹೇಳುವ ವಿಲಿಯಮ್ಸ್, ಲ್ಯಾಂಡೆಲ್, ಫೆರ್ರಿ ಅವರ ಸೂತ್ರವನ್ನು ಅದರ ಸಾಮಾನ್ಯ ಸ್ಥಿರಾಂಕಗಳೊಂದಿಗೆ ಹಾಕಿ ನೋಡಿದರೆ, 190ರಿಂದ 230 ಡಿಗ್ರಿಗೆ ಹೋದಾಗ ಸರಪಳಿಗಳ ಚಲನೆ ಸುಮಾರು 25 ಪಟ್ಟು ಚುರುಕಾಗುತ್ತದೆ. ಅದೇ ಅವಧಿಯಲ್ಲಿ ಗ್ರೇನ್ ಮಾತ್ರ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಬೆಳೆಯುತ್ತದೆ, ಅಷ್ಟೇ. ಅದಕ್ಕೂ ಮೇಲೆ ಹೋದರೆ ಪಿಎಂಎಂಎ ಸರಪಳಿ ಬಿಡಿಸಿಕೊಳ್ಳತೊಡಗುತ್ತದೆ, ಗಾಳಿಯ ಸೋಂಕು ಇದ್ದರೆ ಪಾಲಿಸ್ಟೈರೀನ್ ಉತ್ಕರ್ಷಣಗೊಳ್ಳುತ್ತದೆ.

ಇಷ್ಟು ನಿಧಾನವೇಕೆ ಎಂಬುದನ್ನು ತಿಳಿದುಕೊಳ್ಳುವುದು ಮುಂದಿನ ದಾರಿಗೆ ಸಹಾಯಕ. ಸಾಲುಗಳು ದಿಢೀರನೆ ತಿರುಗುವ ಬಿಂದುಗಳಿಗೆ ಡಿಸ್‌ಕ್ಲಿನೇಶನ್ ಎನ್ನುತ್ತಾರೆ. ನಮ್ಮ ನಗರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, 1977ರಲ್ಲಿ ಚಂದ್ರಶೇಖರ್, ಸದಾಶಿವ ಮತ್ತು ಸುರೇಶ್ ಅವರು ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದ ಪರಂಪರೆಯಲ್ಲಿ, ಇಂತಹ ದೋಷಗಳನ್ನು ಧ್ರುವಕ ಸೂಕ್ಷ್ಮದರ್ಶಕದಡಿ ನೋಡಿ ಬೆಳೆದ ವಿದ್ಯಾರ್ಥಿಗಳು ಎಷ್ಟೋ ಮಂದಿ ಇದ್ದಾರೆ. ಪಟ್ಟೆಗಳ ರಚನೆಯಲ್ಲಿ ಒಂದು ಡಿಸ್‌ಕ್ಲಿನೇಶನ್ ತಾನೊಂದೇ ಸರಿದಾಡಲಾರದು. ಅದು ಚಲಿಸಬೇಕಾದರೆ ನೆರೆಯ ಸಾಲುಗಳೂ ಮುರಿದು ಮತ್ತೆ ಕೂಡಬೇಕು. ಪ್ರಿನ್ಸ್‌ಟನ್ನಿನ ಆ ಪ್ರಯೋಗದಲ್ಲಿ ಎರಡು ಧನ ಹಾಗೂ ಎರಡು ಋಣ ದೋಷಗಳು, ಒಟ್ಟು ನಾಲ್ಕು, ಒಟ್ಟಿಗೆ ಸೇರಿ ಅಳಿಯುವುದು ಕಂಡಿತು. ದೋಷಗಳ ಸಂಖ್ಯೆ ಇಳಿದಷ್ಟೂ ಅಂತಹ ಭೇಟಿ ಅಪರೂಪವಾಗುತ್ತದೆ. ಎಲ್ಲ ಕಡೆಯೂ ಒಂದೇ ಸಮನಾಗಿ ಬಿಸಿಯಾದ ಪೊರೆಗೆ ಯಾವ ದಿಕ್ಕನ್ನು ಆರಿಸಿಕೊಳ್ಳಬೇಕೆಂದು ಹೇಳುವವರೂ ಯಾರೂ ಇಲ್ಲ. ಹಾಗಾಗಿ ಕೊರತೆ ಇರುವುದು ಶಾಖದ್ದಲ್ಲ, ದಿಕ್ಕಿನದು.

ವೈಟ್‌ಫೀಲ್ಡಿನ ಎಂಜಿನಿಯರ್

ಅರೆವಾಹಕ ಉದ್ಯಮದಲ್ಲಿರುವ ನನಗೆ ಮೇಷ್ಟ್ರ ಕೊನೆಯ ಮಾತು ಸರಿ ಎನಿಸಿದರೂ, ಅದರಿಂದ ಹೊರಡುವ ತೀರ್ಮಾನ ಝೋನ್ ಅನೀಲಿಂಗ್ ಎಂದೇಕೆ ಆಗಬೇಕು? ದಿಕ್ಕು ಕೊಡಲು ಬೇರೆ ದಾರಿಗಳಿವೆ. ವೇಫರಿನ ಮೇಲೆ ಮೊದಲೇ ಕಿರಿದಾದ ತೋಡುಗಳನ್ನು ಕೊರೆದು ಅವುಗಳ ಗೋಡೆಗಳಿಗೆ ಒತ್ತಿಕೊಂಡು ಸಾಲುಗಳು ನಿಲ್ಲುವಂತೆ ಮಾಡುವ ವಿಧಾನವನ್ನು 2001ರಲ್ಲೇ ಸೆಗಲ್ಮನ್, ಯೊಕೊಯಾಮ, ಕ್ರೇಮರ್ ತೋರಿಸಿದ್ದಾರೆ. 2003ರಲ್ಲಿ ನೀಲಿ ಮತ್ತು ಡಿ ಪ್ಯಾಬ್ಲೊ ಅವರ ತಂಡ ವೇಫರಿನ ಮೇಲ್ಮೈ ರಸಾಯನವನ್ನೇ ಪಟ್ಟೆ ಪಟ್ಟೆಯಾಗಿ ಬದಲಿಸಿ, ಅದರ ಮೇಲೆ ಕೋಪಾಲಿಮರ್ ಸಾಲುಗಳನ್ನು ದೋಷವಿಲ್ಲದೆ ಕೂಡಿಸಿದ್ದನ್ನು ನೇಚರ್‌ನಲ್ಲಿ ಪ್ರಕಟಿಸಿತು. ಚಿಪ್ ತಯಾರಿಕೆಯಲ್ಲಿ ಸಾಲು ನೇರವಾಗಿದ್ದರೆ ಸಾಲದು, ಅದು ನಿಗದಿತ ಜಾಗದಲ್ಲೇ ಇರಬೇಕು. ಬಿಸಿ ಪಟ್ಟಿ ಸರಿದುಹೋದ ಪೊರೆಯಲ್ಲಿ ದಿಕ್ಕು ಸಿಕ್ಕೀತು, ಸ್ಥಾನ ಸಿಗುವುದಿಲ್ಲ. ಈ ವ್ಯತ್ಯಾಸವನ್ನು ಮರೆತು ಮುಂದುವರಿದರೆ ಮುಂದೆ ನಿರಾಶೆಯಾದೀತು ಎಂಬ ಕಾಳಜಿಯಿಂದ ಬರೆಯುತ್ತಿದ್ದೇನೆ.

ಯಶವಂತಪುರದ ಸಂಶೋಧಕಿ

ವೈಟ್‌ಫೀಲ್ಡಿನವರೇ, ನಿಮ್ಮ ಎಚ್ಚರಿಕೆಗೆ ಧನ್ಯವಾದಗಳು. ನನ್ನ ಗುರಿ ಚಿಪ್ ಅಲ್ಲ, ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಹಾಯಲು ಬಿಡುವ ಧ್ರುವಕ. 2006ರಲ್ಲಿ ರೆಜಿಸ್ಟರ್ ಮತ್ತು ಚೈಕಿನ್ ಅವರ ಗುಂಪೇ ಸಾಲುಗೂಡಿದ ಸಿಲಿಂಡರುಗಳ ನಮೂನೆಯನ್ನು ಅಲ್ಯೂಮಿನಿಯಮ್ ತಂತಿಗಳ ಜಾಲವಾಗಿ ಇಳಿಸಿ, ಬೆಳಕನ್ನು ಧ್ರುವೀಕರಿಸುವ ಜಾಲರಿ ಮಾಡಿತ್ತು. ಅಲೆಯುದ್ದಕ್ಕಿಂತ ತಂತಿಗಳ ಅಂತರ ತುಂಬ ಕಿರಿದಾಗಿರಬೇಕಾದ ನೇರಳಾತೀತ ಬೆಳಕಿಗೆ 35 ನ್ಯಾನೊಮೀಟರ್ ಅಂತರ ಬಹಳ ಉಪಯುಕ್ತ. ಇಲ್ಲಿ ಒಂದು ತಂತಿ ಹತ್ತು ನ್ಯಾನೊಮೀಟರ್ ಆಚೀಚೆ ಇದ್ದರೆ ತೊಂದರೆಯಿಲ್ಲ, ಓರೆಯಾದರೆ ಮಾತ್ರ ತೊಂದರೆ. ಸೆಂಟಿಮೀಟರ್ ಅಗಲಕ್ಕೆ ಎಲೆಕ್ಟ್ರಾನ್ ಕಿರಣದಿಂದ ಮಾರ್ಗದರ್ಶಿ ಗೆರೆಗಳನ್ನು ಬರೆಯಿಸುವಷ್ಟು ಸಮಯವಾಗಲಿ ಹಣವಾಗಲಿ ನಮ್ಮಲ್ಲಿ ಇಲ್ಲ.

ಆದರೆ ನನ್ನನ್ನು ಕಾಡುವ ಒಂದು ಲೆಕ್ಕವಿದೆ. ಝೋನ್ ಅನೀಲಿಂಗ್‌ನಲ್ಲಿ ಮಿಲಿಮೀಟರಿಗೆ 40 ಡಿಗ್ರಿಯಷ್ಟು ಕಡಿದಾದ ತಾಪಪ್ರವಣತೆ, ಅಂದರೆ ಉಷ್ಣತೆಯ ಇಳಿಜಾರು, ಇದೆ ಎಂದುಕೊಂಡರೂ, ಒಂದು ಸಿಲಿಂಡರಿನಿಂದ ಮುಂದಿನದಕ್ಕೆ ಇರುವ 35 ನ್ಯಾನೊಮೀಟರಿನಲ್ಲಿ ಉಷ್ಣತೆಯ ವ್ಯತ್ಯಾಸ ಒಂದು ಡಿಗ್ರಿಯ ಸಾವಿರದ ಒಂದೂವರೆ ಭಾಗದಷ್ಟೂ ಇಲ್ಲ. ಇಷ್ಟು ಅಲ್ಪ ವ್ಯತ್ಯಾಸ ಒಂದು ಸಿಲಿಂಡರನ್ನು ತಿರುಗಿಸಬಲ್ಲದೇ?

ಮಲ್ಲೇಶ್ವರದ ಮೇಷ್ಟ್ರು

ತಿರುಗಿಸಲಾರದು, ಮತ್ತು ಅದು ತಿರುಗಿಸುತ್ತದೆ ಎಂದು ಯಾರೂ ಭಾವಿಸಬೇಕಾಗಿಯೂ ಇಲ್ಲ. ಕಾಂತಕ್ಷೇತ್ರವು ಸೂಜಿಯನ್ನು ಹಿಡಿದು ತಿರುಗಿಸುವಂತೆ ತಾಪಪ್ರವಣತೆ ಸಿಲಿಂಡರನ್ನು ಹಿಡಿದು ತಿರುಗಿಸುತ್ತದೆ ಎಂಬ ಚಿತ್ರವನ್ನು ಮನಸ್ಸಿನಿಂದ ತೆಗೆದುಹಾಕಿದರೆ ಉಳಿದದ್ದು ಸುಲಭವಾಗುತ್ತದೆ. ಪ್ರವಣತೆಯ ಪಾತ್ರವಿರುವುದು ಬಲದಲ್ಲಲ್ಲ, ಸಮಯದಲ್ಲಿ. ಪೊರೆಯ ಯಾವ ಭಾಗ ಯಾವಾಗ ಸಡಿಲವಾಗಬೇಕು, ಯಾವಾಗ ಗಟ್ಟಿಯಾಗಬೇಕು ಎಂಬ ಸರದಿಯನ್ನು ಅದು ನಿರ್ಧರಿಸುತ್ತದೆ.

ಮೇಲೆ ಹೇಳಿದ ಸೂತ್ರವನ್ನೇ ತೆಗೆದುಕೊಳ್ಳಿ. ಗಾಜು ಸ್ಥಿತ್ಯಂತರದಿಂದ 20 ಡಿಗ್ರಿ ಮೇಲೇರುವಷ್ಟರಲ್ಲಿ ಸರಪಳಿಯ ಚಲನೆ ಸುಮಾರು ಒಂದು ಲಕ್ಷ ಪಟ್ಟು ಹೆಚ್ಚುತ್ತದೆ. ನಿಮ್ಮ ಮಿಲಿಮೀಟರಿಗೆ 40 ಡಿಗ್ರಿಯ ಇಳಿಜಾರಿನಲ್ಲಿ 20 ಡಿಗ್ರಿ ಎಂದರೆ ಅರ್ಧ ಮಿಲಿಮೀಟರ್. ಆ ಅರ್ಧ ಮಿಲಿಮೀಟರಿನ ಒಂದು ಅಂಚಿನಲ್ಲಿ ಪೊರೆ ಗಾಜು, ಇನ್ನೊಂದು ಅಂಚಿನಲ್ಲಿ ಹರಿಯಬಲ್ಲ ದ್ರವ. ಬಿಸಿ ಪಟ್ಟಿ ಮುಂದೆ ಸರಿದಂತೆ, ಅದರ ಹಿಂದಿನ ಅಂಚಿನಲ್ಲಿ ಪೊರೆ ಗಟ್ಟಿಯಾಗುತ್ತ ಬರುತ್ತದೆ, ಮತ್ತು ಹಾಗೆ ಗಟ್ಟಿಯಾಗುವ ಪ್ರತಿಯೊಂದು ತುಣುಕಿನ ಪಕ್ಕದಲ್ಲೂ ಅದಕ್ಕಿಂತ ಮೊದಲೇ ಸಾಲುಗೂಡಿ ಗಟ್ಟಿಯಾದ ತುಣುಕೊಂದು ಇದ್ದೇ ಇರುತ್ತದೆ. ಹೊಸ ತುಣುಕು ಆ ನೆರೆಯ ದಿಕ್ಕನ್ನೇ ಮುಂದುವರಿಸುವುದು ಶಕ್ತಿಯ ದೃಷ್ಟಿಯಿಂದ ಅಗ್ಗ. ಓವನ್ನಿನಲ್ಲಿ ಎಲ್ಲೆಲ್ಲೂ ಏಕಕಾಲಕ್ಕೆ ಹುಟ್ಟಿ ಒಂದರೊಡನೊಂದು ಜಗಳವಾಡುವ ಗ್ರೇನ್‌ಗಳಿಗೆ ಬದಲಾಗಿ ಇಲ್ಲಿ ಬೆಳವಣಿಗೆ ಒಂದೇ ಗಡಿಯಲ್ಲಿ ನಡೆಯುತ್ತದೆ. ದೋಷಗಳು ಪರಸ್ಪರ ಹುಡುಕಿಕೊಂಡು ಹೋಗಬೇಕಾದ ದೂರವೂ ಆ ಗಡಿಯ ಅಗಲಕ್ಕೆ ಸೀಮಿತವಾಗುತ್ತದೆ.

ಇದರ ಮೂಲ ಕಲ್ಪನೆ ಪಾಲಿಮರಿನದ್ದಲ್ಲ. 1952ರಲ್ಲಿ ಬೆಲ್ ಪ್ರಯೋಗಾಲಯದ ಫ್ಯಾನ್ ಪ್ರಕಟಿಸಿದ ವಲಯ ಶುದ್ಧೀಕರಣದಲ್ಲಿ ಕರಗಿದ ಕಿರಿದಾದ ವಲಯವೊಂದು ಜರ್ಮೇನಿಯಮ್ ಸರಳಿನ ಉದ್ದಕ್ಕೂ ಸರಿಯುತ್ತ ಕಲ್ಮಶವನ್ನು ತುದಿಗೆ ತಳ್ಳುತ್ತಿತ್ತು. 1999ರಲ್ಲಿ ಕ್ಯೋಟೊದ ಹಷಿಮೊಟೊ ಅವರ ತಂಡ ಬ್ಲಾಕ್ ಕೋಪಾಲಿಮರ್ ಗಟ್ಟಿಯನ್ನು ಕ್ರಮ-ಅಕ್ರಮ ಸ್ಥಿತ್ಯಂತರಕ್ಕಿಂತ, ಅಂದರೆ ವಲಯಗಳೇ ಕರಗಿ ಬೆರೆತುಹೋಗುವ ಉಷ್ಣತೆಗಿಂತ, ಮೇಲಕ್ಕೆ ಕಾಯಿಸಿ, ಚಲಿಸುವ ತಾಪಪ್ರವಣತೆಯಲ್ಲಿ ತಣಿಸಿ, ಒಂದೇ ಸ್ಫಟಿಕದಂತಹ ಪದರಗಳನ್ನು ಬೆಳೆಸಿತು. ನಿಮ್ಮ ಪದಾರ್ಥದಲ್ಲಿ ಆ ದಾರಿ ಮುಚ್ಚಿದೆ. ಎರಡೂ ಸರಪಳಿಗಳು ಸಮಪಾಲಿರುವ ಕೋಪಾಲಿಮರ್‌ನಲ್ಲಿ ಅವು ಬೆರೆಯಲು ಎಷ್ಟು ಒಲ್ಲವು ಎಂಬುದನ್ನು ಅಳೆಯುವ ಫ್ಲೋರಿ-ಹಗಿನ್ಸ್ ಗುಣಾಂಕವನ್ನು ಸರಪಳಿಯ ಕೊಂಡಿಗಳ ಸಂಖ್ಯೆಯಿಂದ ಗುಣಿಸಿದಾಗ 10.5ಕ್ಕಿಂತ ಹೆಚ್ಚು ಬಂದರೆ ಕ್ರಮ ಮೂಡುತ್ತದೆ ಎಂದು 1980ರಲ್ಲಿ ಲೈಬ್ಲರ್ ತೋರಿಸಿದರು. ಸಿಲಿಂಡರುಗಳಿಗೆ ಆ ಮಿತಿ ಇನ್ನೂ ಸ್ವಲ್ಪ ಮೇಲಿದೆ. ಪಾಲಿಸ್ಟೈರೀನ್-ಪಿಎಂಎಂಎ ಜೋಡಿಯ ಗುಣಾಂಕ 200 ಡಿಗ್ರಿಯಲ್ಲಿ ಸುಮಾರು 0.036, ಮತ್ತು ಉಷ್ಣತೆಯೊಂದಿಗೆ ಅದು ಬಹಳ ಕಡಿಮೆ ಬದಲಾಗುತ್ತದೆ. 35 ನ್ಯಾನೊಮೀಟರ್ ಅಂತರ ಕೊಡುವ ಸರಪಳಿಯಲ್ಲಿ ಕೊಂಡಿಗಳು ಸುಮಾರು 650 ಎಂದುಕೊಂಡರೆ ಗುಣಲಬ್ಧ 23ರ ಮೇಲಿರುತ್ತದೆ. ಅದನ್ನು ಕರಗಿಸುವಷ್ಟು ಕಾಯಿಸುವ ಮೊದಲೇ ಪದಾರ್ಥ ಸುಟ್ಟುಹೋಗುತ್ತದೆ.

ಈ ಅಡಚಣೆಯನ್ನು ದಾಟಿದ್ದು 2007ರ ನ್ಯಾನೊ ಲೆಟರ್ಸ್ ಪ್ರಬಂಧ. ಬೆರ್ರಿ, ಅಲಮ್‌ಗೀರ್ ಕರೀಂ ಮತ್ತು ಸಂಗಡಿಗರು ಕ್ರಮ-ಅಕ್ರಮ ಸ್ಥಿತ್ಯಂತರಕ್ಕಿಂತ ಕೆಳಗೇ ಇದ್ದುಕೊಂಡು ಬಿಸಿ ವಲಯವನ್ನು ಸರಿಸಿ, ತೆಳುಪೊರೆಯಲ್ಲಿ ಓವನ್ನಿಗಿಂತ ಬೇಗ ದೋಷಗಳು ಕಡಿಮೆಯಾಗುವುದನ್ನೂ ದಿಕ್ಕಿನ ಒಲವು ಮೂಡುವುದನ್ನೂ ತೋರಿಸಿದರು. ಕ್ರಮವನ್ನು ಕರಗಿಸಬೇಕಾಗಿಲ್ಲ, ದೋಷಗಳು ಚಲಿಸುವಷ್ಟು ಸಡಿಲಗೊಳಿಸಿದರೆ ಸಾಕು ಎಂಬುದು ಅದರ ತಿರುಳು. ಅದೇ ಕಾರಣಕ್ಕೆ, ನಿಮ್ಮ ಗಮನ ಗರಿಷ್ಠ ಉಷ್ಣತೆಯ ಮೇಲಿರುವುದಕ್ಕಿಂತ ಹಿಂದಿನ ಅಂಚು ಎಷ್ಟು ಕಡಿದಾಗಿದೆ ಮತ್ತು ಎಷ್ಟು ವೇಗವಾಗಿ ಸರಿಯುತ್ತಿದೆ ಎಂಬುದರ ಮೇಲಿರಬೇಕು ಎಂದು ನನ್ನ ದೃಢವಾದ ಅಭಿಪ್ರಾಯ. ವೇಗ ಹೆಚ್ಚಾದರೆ ಸಾಲುಗಳು ನೆರೆಯನ್ನು ಅನುಸರಿಸುವ ಮೊದಲೇ ಹೆಪ್ಪುಗಟ್ಟುತ್ತವೆ, ಆಗ ನಿಮಗೆ ಸಿಗುವುದು ಸುಧಾರಿತ ಬೆರಳಚ್ಚು ಮಾತ್ರ.

ಪೀಣ್ಯದ ಯಂತ್ರಶಿಲ್ಪಿ

ಸಾಧನ ಕಟ್ಟುವ ವಿಷಯಕ್ಕೆ ಬರುತ್ತೇನೆ. ಪ್ರಯೋಗಾಲಯಗಳಿಗೆ ಸಣ್ಣಪುಟ್ಟ ಉಪಕರಣಗಳನ್ನು ಮಾಡಿಕೊಡುವುದೇ ನಮ್ಮ ಕೆಲಸ. ತಾಪನಿಯಂತ್ರಕ, ಸ್ಟೆಪ್ಪರ್ ಮೋಟಾರ್, ಅದರ ಡ್ರೈವರ್, ಕೆ ಮಾದರಿಯ ಥರ್ಮೋಕಪಲ್ ಇವೆಲ್ಲ ಎಸ್.ಪಿ. ರಸ್ತೆಯಲ್ಲೇ ಸಿಗುತ್ತವೆ, ಲೀಡ್ ಸ್ಕ್ರೂ ಮತ್ತು ಅಲ್ಯೂಮಿನಿಯಮ್ ಬ್ಲಾಕುಗಳನ್ನು ಪೀಣ್ಯದ ಯಾವುದೇ ಒಳ್ಳೆಯ ವರ್ಕ್‌ಶಾಪ್ ಮಾಡಿಕೊಡುತ್ತದೆ. ನೀರು ಹರಿಯುವ ಎರಡು ತಣ್ಣನೆಯ ಬ್ಲಾಕುಗಳ ನಡುವೆ ಒಂದೆರಡು ಮಿಲಿಮೀಟರ್ ಸಂದಿ ಬಿಟ್ಟು, ಅದರ ಮಧ್ಯದಲ್ಲಿ ನೈಕ್ರೋಮ್ ಪಟ್ಟಿಯೊಂದನ್ನು ಬಿಗಿಯಾಗಿ ಎಳೆದು ನಿಲ್ಲಿಸಿ, ಅದರ ಮೇಲೆ ಮಾದರಿಯನ್ನು ಸರಿಸುವುದು ಅತಿ ಸರಳವಾದ ವಿನ್ಯಾಸ. ನೈಕ್ರೋಮ್ ಬಿಸಿಯಾದಾಗ ಹಿಗ್ಗಿ ಜೋಲುತ್ತದೆಯಾದ್ದರಿಂದ ಒಂದು ತುದಿಗೆ ಸ್ಪ್ರಿಂಗ್ ಕಟ್ಟಲೇಬೇಕು.

ಒಂದು ಮಿಲಿಮೀಟರ್ ಪಿಚ್‌ನ ಸ್ಕ್ರೂ, ಸುತ್ತಿಗೆ 200 ಹೆಜ್ಜೆಯ ಮೋಟಾರ್, ಪ್ರತಿ ಹೆಜ್ಜೆಗೆ 16 ಉಪಹೆಜ್ಜೆ ಎಂದರೆ ಒಂದು ಉಪಹೆಜ್ಜೆಗೆ ಸುಮಾರು 0.31 ಮೈಕ್ರೋಮೀಟರ್ ಬರುತ್ತದೆ. ಸೆಕೆಂಡಿಗೆ ಐದು ಮೈಕ್ರೋಮೀಟರ್ ವೇಗ ಬೇಕಾದರೆ ಸೆಕೆಂಡಿಗೆ 16 ಉಪಹೆಜ್ಜೆ. ಈ ನಿಧಾನಗತಿಯಲ್ಲಿ ಮೋಟಾರಿನ ಪ್ರತಿ ತಟ್ಟೂ ಮಾದರಿಗೆ ಮುಟ್ಟುತ್ತದೆ, ಆದ್ದರಿಂದ ನಡುವೆ ಗೇರ್ ಹಾಕಿ ಹೆಜ್ಜೆಗಳನ್ನು ಇನ್ನೂ ಕಿರಿದು ಮಾಡುವುದು ಒಳ್ಳೆಯದು. ಸ್ಕ್ರೂವಿನ ಸಡಿಲಿಕೆಯಿಂದ ತಪ್ಪಿಸಿಕೊಳ್ಳಲು ಯಾವಾಗಲೂ ಒಂದೇ ದಿಕ್ಕಿನಲ್ಲಿ ಓಡಿಸಿ, ಹಿಂದಿರುಗುವಾಗ ಹೀಟರ್ ಆರಿಸಿ.

ಮೋಟಾರಿಗಿಂತ ಹೆಚ್ಚು ಯೋಚಿಸಬೇಕಾದದ್ದು ನಿಮ್ಮ ಸಿಲಿಕಾನ್ ವೇಫರಿನ ಬಗ್ಗೆ. ಸಿಲಿಕಾನಿನ ಉಷ್ಣವಾಹಕತೆ ಕೋಣೆಯ ಉಷ್ಣತೆಯಲ್ಲಿ ಮೀಟರ್-ಕೆಲ್ವಿನ್‌ಗೆ ಸುಮಾರು 150 ವ್ಯಾಟ್, ಬೆಸೆದ ಕ್ವಾರ್ಟ್ಜ್‌ನದು ಸುಮಾರು 1.4. ಅಂದರೆ ನೂರು ಪಟ್ಟಿಗೂ ಹೆಚ್ಚು ವ್ಯತ್ಯಾಸ. ಕೆಳಗೆ ಎಷ್ಟೇ ಕಿರಿದಾದ ಬಿಸಿ ಗೆರೆ ಇಟ್ಟರೂ ಸಿಲಿಕಾನ್ ಆ ಶಾಖವನ್ನು ಪಕ್ಕಕ್ಕೆ ಹರಡಿ ಇಳಿಜಾರನ್ನು ಚಪ್ಪಟೆ ಮಾಡಿಬಿಡುತ್ತದೆ. ಪೊರೆ ಕೆಲವೇ ಹತ್ತು ನ್ಯಾನೊಮೀಟರ್ ದಪ್ಪದ್ದಾದ್ದರಿಂದ ಅದಕ್ಕೆ ತನ್ನದೇ ಉಷ್ಣತೆ ಎಂಬುದಿಲ್ಲ, ಕೆಳಗಿನ ತಳಹದಿಯ ಉಷ್ಣತೆಯೇ ಅದರದ್ದು. ಮೇಷ್ಟ್ರು ಹೇಳಿದ ಕಡಿದಾದ ಅಂಚು ನಿಮಗೆ ನಿಜವಾಗಿಯೂ ಬೇಕಿದ್ದರೆ ತೆಳುವಾದ ಕ್ವಾರ್ಟ್ಜ್ ಹಾಳೆಗೆ ಬದಲಾಯಿಸಿ. ನೇರಳಾತೀತ ಧ್ರುವಕಕ್ಕೆ ಹೇಗಿದ್ದರೂ ಪಾರದರ್ಶಕ ತಳಹದಿಯೇ ಬೇಕಲ್ಲವೇ?

ಇಳಿಜಾರನ್ನು ಅಳೆಯುವುದಕ್ಕೆ ಸಾಮಾನ್ಯ ಥರ್ಮೋಕಪಲ್ ನಂಬಬೇಡಿ. ಅದರ ಮಣಿಯೇ ಅರ್ಧ ಮಿಲಿಮೀಟರ್ ಇದ್ದರೆ ಅದು ತೋರಿಸುವುದು ಅಷ್ಟಗಲದ ಸರಾಸರಿಯನ್ನು. ಥರ್ಮಲ್ ಕ್ಯಾಮೆರಾ ಇಡುವವರೂ ಇದ್ದಾರೆ, ಆದರೆ ಸಿಲಿಕಾನ್ ಆ ಅಲೆಯುದ್ದಗಳಿಗೆ ಬಹುಮಟ್ಟಿಗೆ ಪಾರದರ್ಶಕವಾದ್ದರಿಂದ ಕ್ಯಾಮೆರಾ ನೋಡುವುದು ಕೆಳಗಿರುವ ಹೀಟರನ್ನು. ನಾನು ಹೇಳುವ ಉಪಾಯ ಹಳೆಯದು ಮತ್ತು ಖಚಿತ. ಇಂಡಿಯಮ್ 156.6 ಡಿಗ್ರಿಯಲ್ಲಿ ಕರಗುತ್ತದೆ, ತವರ 231.9ರಲ್ಲಿ. ಎರಡರ ಅತಿ ಸಣ್ಣ ಚೂರುಗಳನ್ನು ಖಾಲಿ ತಳಹದಿಯ ಮೇಲೆ ಸಾಲಾಗಿ ಇಟ್ಟು, ಹೀಟರನ್ನು ನಿಲ್ಲಿಸಿದ ಸ್ಥಿತಿಯಲ್ಲಿ ಎಲ್ಲಿಯವರೆಗಿನ ಚೂರುಗಳು ಕರಗಿ ಗುಂಡಾದವು ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ. ಎರಡು ಗಡಿಗಳ ನಡುವಿನ ಅಂತರ ಎರಡು ಮಿಲಿಮೀಟರ್ ಬಂದರೆ ನಿಮ್ಮ ಪ್ರವಣತೆ ಮಿಲಿಮೀಟರಿಗೆ ಸುಮಾರು 38 ಡಿಗ್ರಿ.

ಜಕ್ಕೂರಿನ ವಿದ್ಯಾರ್ಥಿ

ಮೇಷ್ಟ್ರು ಮತ್ತು ಪೀಣ್ಯದವರು ಹೇಳಿದ್ದಕ್ಕೆ ಒಂದು ಮುಖ್ಯವಾದ ಸಂಗತಿಯನ್ನು ಸೇರಿಸಬೇಕಾಗಿದೆ. ಬರಿಯ ಬಿಸಿ ಪಟ್ಟಿಯಿಂದ ಮಲಗಿದ ಸಿಲಿಂಡರುಗಳಿಗೆ ಸಿಗುವುದು ದಿಕ್ಕಿನ ಒಲವು ಮಾತ್ರ, ಪೂರ್ಣ ಸಾಲುಗಾರಿಕೆಯಲ್ಲ. ಅಲ್ಲದೆ ಪ್ರವಣತೆ ಬಹಳ ಕಡಿದಾದಾಗ ಸಿಲಿಂಡರುಗಳು ಮಲಗುವ ಬದಲು ಎದ್ದು ನಿಲ್ಲುವುದನ್ನೂ ಕರೀಂ ಅವರ ಗುಂಪೇ ಮುಂದೆ ವರದಿ ಮಾಡಿದೆ. ಧ್ರುವಕಕ್ಕೆ ಅದು ಉಪಯೋಗಕ್ಕೆ ಬಾರದು. ಸೆಂಟಿಮೀಟರುಗಳ ಉದ್ದಕ್ಕೆ ಒಂದೇ ದಿಕ್ಕು ಬಂದದ್ದು 2012ರಲ್ಲಿ ಸಿಂಗ್, ಯಾಗರ್, ಕರೀಂ ಮತ್ತಿತರರು ಎಸಿಎಸ್ ನ್ಯಾನೊದಲ್ಲಿ ಪ್ರಕಟಿಸಿದ ವಿಧಾನದಿಂದ. ಅವರು ಪೊರೆಯ ಮೇಲೆ ಸಿಲಿಕೋನ್ ರಬ್ಬರಿನ, ಅಂದರೆ ಪಿಡಿಎಂಎಸ್‌ನ, ಹಾಳೆಯೊಂದನ್ನು ಅಂಟಿಸಿ ಅದರೊಂದಿಗೇ ಬಿಸಿ ವಲಯವನ್ನು ಸರಿಸಿದರು.

ಇದರ ಹಿಂದಿನ ಲೆಕ್ಕ ಬಹಳ ಸೊಗಸಾದದ್ದು. ಪಿಡಿಎಂಎಸ್ ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಸಾವಿರದಲ್ಲಿ ಸುಮಾರು ಮೂರು ಭಾಗ ಹಿಗ್ಗುತ್ತದೆ, ಸಿಲಿಕಾನ್ ಅದರ ನೂರರಲ್ಲಿ ಒಂದು ಪಾಲಿನಷ್ಟು, ಕ್ವಾರ್ಟ್ಜ್ ಇನ್ನೂ ಕಡಿಮೆ. ನೂರು ಡಿಗ್ರಿ ಏರಿದರೆ ಒಂದು ಮಿಲಿಮೀಟರ್ ಪಿಡಿಎಂಎಸ್ ತಡೆಯಿಲ್ಲದೆ 30 ಮೈಕ್ರೋಮೀಟರ್ ಹಿಗ್ಗಬೇಕು. ಅಂಟಿಕೊಂಡಿರುವುದರಿಂದ ಅಷ್ಟು ಹಿಗ್ಗದು. ಆದರೆ ಅದರ ಸಣ್ಣದೊಂದು ಭಾಗ, ಒಂದೇ ಒಂದು ಮೈಕ್ರೋಮೀಟರ್ ಜಾರಿದರೂ, 50 ನ್ಯಾನೊಮೀಟರ್ ದಪ್ಪದ ಪೊರೆಗೆ ಅದು ತನ್ನ ದಪ್ಪದ ಇಪ್ಪತ್ತು ಪಟ್ಟು ಷಿಯರ್, ಅಂದರೆ ಪಕ್ಕಕ್ಕೆ ಜಾರಿಸುವ ಎಳೆತ. ಬಿಸಿ ವಲಯ ಬರುವಾಗ ರಬ್ಬರು ಹಿಗ್ಗಿ ಮುಂದಕ್ಕೆ ಎಳೆಯುತ್ತದೆ, ದಾಟಿ ಹೋದ ಮೇಲೆ ಕುಗ್ಗಿ ಹಿಂದಕ್ಕೆ ಎಳೆಯುತ್ತದೆ. ಆ ಹೊತ್ತಿಗೆ ಕೆಳಗಿನ ಪೊರೆ ಇನ್ನೂ ಸಡಿಲವಾಗಿಯೇ ಇರುತ್ತದೆ. ಸಿಲಿಂಡರುಗಳು ಈ ಎಳೆತದ ಗೆರೆಗೆ, ಅಂದರೆ ವಲಯ ಸರಿಯುವ ದಿಕ್ಕಿಗೆ ಹೊಂದಿಕೊಳ್ಳುತ್ತವೆ. ಯಶವಂತಪುರದವರೇ, ನಿಮ್ಮ ಪ್ರಶ್ನೆಯಲ್ಲಿದ್ದ ಬಲದ ಕೊರತೆ ಇಲ್ಲಿ ತುಂಬಿಬರುತ್ತದೆ. ಮೇಷ್ಟ್ರು ಹೇಳಿದ ಸರದಿಯನ್ನು ತಾಪಪ್ರವಣತೆ ಕೊಟ್ಟರೆ, ದಿಕ್ಕನ್ನು ರಬ್ಬರು ಕೊಡುತ್ತದೆ, ಮತ್ತು ರಬ್ಬರನ್ನು ಎಳೆಯಲು ಬೇರೆ ಯಂತ್ರವೇ ಬೇಡ, ಅದೇ ಶಾಖ ಸಾಕು.

ಸಿಲ್ಗಾರ್ಡ್ 184 ಎಂಬ ಪಿಡಿಎಂಎಸ್ ಬಳಸುವುದಾದರೆ ಎರಡು ಎಚ್ಚರಿಕೆ ಅಗತ್ಯ. ಅದು ದೀರ್ಘಕಾಲ ತಾಳುವ ಮಿತಿ 200 ಡಿಗ್ರಿ, ಆದ್ದರಿಂದ ಗರಿಷ್ಠ ಉಷ್ಣತೆಯನ್ನು ಅದರೊಳಗೇ ಇಟ್ಟುಕೊಳ್ಳಿ. ಗಟ್ಟಿಯಾಗದೆ ಉಳಿದ ಸಣ್ಣ ಸರಪಳಿಗಳು ಬಿಸಿಯಲ್ಲಿ ಹೊರಬಂದು ನಿಮ್ಮ ಪೊರೆಯ ಮೇಲ್ಮೈಯನ್ನು ಮುಚ್ಚುತ್ತವೆಯಾದ್ದರಿಂದ, ರಬ್ಬರು ಹಾಳೆಯನ್ನು ಮೊದಲೇ ಹೆಕ್ಸೇನಿನಲ್ಲಿ ನೆನೆಸಿ ಚೆನ್ನಾಗಿ ಒಣಗಿಸಿ.

ವೈಟ್‌ಫೀಲ್ಡಿನ ಎಂಜಿನಿಯರ್

ಧ್ರುವಕ ಎಂದ ಮೇಲೆ ನನ್ನ ಆಕ್ಷೇಪ ಉಳಿಯುವುದಿಲ್ಲ. ಆದರೂ ಮೇಲ್ಮೈಯ ಬಗ್ಗೆ ಯಾರೂ ಮಾತನಾಡಿಲ್ಲ. ಸಿಲಿಕಾನ್ ಆಕ್ಸೈಡಿಗೆ ಪಿಎಂಎಂಎ ಅಂಟಿಕೊಳ್ಳುತ್ತದೆ, ಕ್ವಾರ್ಟ್ಜ್‌ಗೂ ಹಾಗೆಯೇ. ಮಲಗಿದ ಸಿಲಿಂಡರಿಗೆ ಇದು ಅನುಕೂಲವೇ. ಎದ್ದು ನಿಲ್ಲಿಸಬೇಕಾದವರು ಮಾತ್ರ 1997ರಲ್ಲಿ ಮ್ಯಾನ್ಸ್‌ಕಿ, ರಸೆಲ್, ಹಾಕರ್ ಮತ್ತಿತರರು ತೋರಿಸಿದ ಯಾದೃಚ್ಛಿಕ ಕೋಪಾಲಿಮರ್ ಕುಂಚದ, ಅಂದರೆ ಎರಡೂ ಘಟಕಗಳು ಬೆರೆತ ಸರಪಳಿಗಳನ್ನು ಕುಂಚದ ಕೂದಲಿನಂತೆ ತಳಕ್ಕೆ ಬೆಸೆದ, ತಟಸ್ಥ ಪದರವನ್ನು ಹಾಕಬೇಕಾಗುತ್ತದೆ. ನಿಮಗೆ ನಿಜವಾಗಿ ತೊಂದರೆ ಕೊಡಬಹುದಾದದ್ದು ಪೊರೆಯ ದಪ್ಪ. ಅದು ಪೂರ್ಣ ಪದರಗಳ ಲೆಕ್ಕಕ್ಕೆ ಹೊಂದದಿದ್ದರೆ ಪೊರೆ ದ್ವೀಪಗಳಾಗಿಯೂ ಗುಂಡಿಗಳಾಗಿಯೂ ಒಡೆದುಕೊಳ್ಳುತ್ತದೆ, ಮತ್ತು ಆ ಅಂಚುಗಳಲ್ಲಿ ಸಾಲುಗಳು ತಮ್ಮ ಇಷ್ಟದ ಕಡೆಗೆ ತಿರುಗುತ್ತವೆ. ಸ್ಪಿನ್ ವೇಗವನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ ಮೊದಲು ಓವನ್ನಿನಲ್ಲೇ ಸರಿಯಾದ ದಪ್ಪವನ್ನು ಹುಡುಕಿಕೊಳ್ಳಿ.

ಯಶವಂತಪುರದ ಸಂಶೋಧಕಿ

ನಿಮ್ಮೆಲ್ಲರ ಮಾತುಗಳಿಂದ ನನ್ನ ಯೋಜನೆಯೇ ಬದಲಾಗಿದೆ. ಕ್ವಾರ್ಟ್ಜ್ ತಳಹದಿ, ನೈಕ್ರೋಮ್ ಪಟ್ಟಿ, ಗರಿಷ್ಠ 190 ಡಿಗ್ರಿ, ಮೇಲೆ ಹೆಕ್ಸೇನಿನಲ್ಲಿ ತೊಳೆದ ರಬ್ಬರು ಹಾಳೆ, ಇಡೀ ಸಾಧನ ನೈಟ್ರೋಜನ್ ತುಂಬಿದ ಡಬ್ಬಿಯೊಳಗೆ, ಹೀಗೆ ಆರಂಭಿಸುತ್ತೇನೆ. ವೇಗವನ್ನು ಸೆಕೆಂಡಿಗೆ ಒಂದು ಮೈಕ್ರೋಮೀಟರಿನಿಂದ ಹತ್ತರವರೆಗೆ ಬದಲಿಸಿ ನೋಡುವ ಯೋಚನೆಯಿದೆ. ಎರಡು ಮಿಲಿಮೀಟರ್ ಅಗಲದ ಬಿಸಿ ವಲಯಕ್ಕೆ ಹತ್ತು ಮೈಕ್ರೋಮೀಟರ್ ವೇಗದಲ್ಲೂ 200 ಸೆಕೆಂಡು ಸಿಗುತ್ತದೆ. ಬಂದ ಫಲಿತಾಂಶ ನಿಜಕ್ಕೂ ಸಾಲುಗಾರಿಕೆಯೇ ಎಂಬುದನ್ನು ಹೇಗೆ ಖಚಿತಪಡಿಸಿಕೊಳ್ಳಬೇಕು?

ಜಕ್ಕೂರಿನ ವಿದ್ಯಾರ್ಥಿ

ಚಿತ್ರದ ಪ್ರತಿ ಬಿಂದುವಿನಲ್ಲಿ ಸಾಲು ಸರಾಸರಿ ದಿಕ್ಕಿನಿಂದ ಎಷ್ಟು ಕೋನ ಓರೆಯಾಗಿದೆ ಎಂದು ತೆಗೆದು, ಅದರ ಕೊಸೈನಿನ ವರ್ಗದ ಸರಾಸರಿಯನ್ನು ಎರಡರಿಂದ ಗುಣಿಸಿ ಒಂದನ್ನು ಕಳೆದರೆ ಸಾಲುಗಾರಿಕೆಯನ್ನು ಅಳೆಯುವ ಕ್ರಮಾಂಕ ಬರುತ್ತದೆ. ಎಲ್ಲವೂ ಒಂದೇ ದಿಕ್ಕಿಗಿದ್ದರೆ 1, ದಿಕ್ಕೇ ಇಲ್ಲದಿದ್ದರೆ 0. ಇದರಲ್ಲಿ ಒಂದು ಬಲೆಯಿದೆ. ಎರಡು ಮೈಕ್ರೋಮೀಟರಿನ ಒಂದೇ ಚಿತ್ರ ತೆಗೆದು ಅದು ಒಂದೇ ಗ್ರೇನ್‌ನೊಳಗೆ ಬಿದ್ದರೆ ಓವನ್ನಿನ ಮಾದರಿಗೂ 1ರ ಸಮೀಪದ ಸಂಖ್ಯೆ ಬರುತ್ತದೆ. ಆದ್ದರಿಂದ ಮಾದರಿಯ ಅಂಚಿಗೆ ಗುರುತು ಹಾಕಿ, ಮಿಲಿಮೀಟರುಗಳಷ್ಟು ದೂರದೂರದ ಜಾಗಗಳಲ್ಲಿ ಚಿತ್ರ ತೆಗೆದು, ಎಲ್ಲದಕ್ಕೂ ಆ ಅಂಚನ್ನೇ ಆಧಾರವಾಗಿಟ್ಟು ಕೋನ ಅಳೆಯಿರಿ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಹೋಗುವುದಾದರೆ 254 ನ್ಯಾನೊಮೀಟರ್ ನೇರಳಾತೀತ ಬೆಳಕಿನಲ್ಲಿಟ್ಟು ಅಸಿಟಿಕ್ ಆಮ್ಲದಲ್ಲಿ ತೊಳೆದರೆ ಪಿಎಂಎಂಎ ಹೊರಟುಹೋಗಿ ಸಾಲುಗಳು ಚೆನ್ನಾಗಿ ಕಾಣುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದ ಸೌಲಭ್ಯಗಳು ಹೊರಗಿನ ಸಂಶೋಧಕರಿಗೂ ತೆರೆದಿವೆ, ಅಲ್ಲಿ ವಿಚಾರಿಸಿ.

ಮಲ್ಲೇಶ್ವರದ ಮೇಷ್ಟ್ರು

ಇನ್ನೊಂದು ಪರೀಕ್ಷೆಯನ್ನು ತಪ್ಪದೆ ಮಾಡಬೇಕೆಂದು ಒತ್ತಾಯಿಸುತ್ತೇನೆ. ತಳಹದಿಯ ಮೇಲಿನ ಕಣ್ಣಿಗೆ ಕಾಣದ ಗೀರುಗಳೂ ಪೊರೆಯ ಕತ್ತರಿಸಿದ ಅಂಚುಗಳೂ ಸಾಲುಗಳಿಗೆ ದಿಕ್ಕು ಕೊಡಬಲ್ಲವು. ಹಾಗಾಗಿ ಒಂದೇ ವೇಫರಿನಿಂದ ಎರಡು ತುಂಡು ಮಾಡಿ, ಒಂದನ್ನು ಅದರ ಅಂಚಿಗೆ ಸಮಾನಾಂತರವಾಗಿಯೂ ಇನ್ನೊಂದನ್ನು 45 ಡಿಗ್ರಿ ತಿರುಗಿಸಿಯೂ ಬಿಸಿ ವಲಯದ ಮೇಲೆ ಸರಿಸಿ. ಜೊತೆಗೆ ಮೂರನೆಯ ತುಂಡೊಂದನ್ನು, ಅದೇ ರಬ್ಬರು ಹಾಳೆ ಹೊದಿಸಿ, ವಲಯದಲ್ಲಿ ಕಳೆಯುವಷ್ಟೇ ಸಮಯ ಸಮಾನ ಉಷ್ಣತೆಯ ಓವನ್ನಿನಲ್ಲಿಡಿ. ಎರಡನೆಯ ತುಂಡಿನಲ್ಲಿ ಸಾಲುಗಳು ಅಂಚಿಗೆ 45 ಡಿಗ್ರಿ ಓರೆಯಾಗಿ, ವಲಯ ಸರಿದ ದಿಕ್ಕಿಗೇ ನಿಂತರೆ, ಮತ್ತು ಮೂರನೆಯದರಲ್ಲಿ ಬೆರಳಚ್ಚೇ ಉಳಿದರೆ, ದಿಕ್ಕು ಬಂದದ್ದು ಚಲಿಸುವ ಶಾಖದಿಂದ ಎಂದು ನೀವು ಯಾರ ಮುಂದೆಯೂ ಹೇಳಬಹುದು. ಆಮೇಲೆ ರಬ್ಬರು ಹಾಳೆಯಿಲ್ಲದೆ ಅದೇ ವೇಗದಲ್ಲಿ ಒಂದು ಸಲ ಓಡಿಸಿ, ಎರಡು ಕ್ರಮಾಂಕಗಳ ವ್ಯತ್ಯಾಸವನ್ನು ಇಲ್ಲಿ ಹಂಚಿಕೊಳ್ಳಿ. ಸರದಿಯ ಪಾಲೆಷ್ಟು, ಎಳೆತದ ಪಾಲೆಷ್ಟು ಎಂಬುದು ಆ ಸಂಖ್ಯೆಯಿಂದ ತಿಳಿಯುತ್ತದೆ.